ಅಂಕದ ತಕರಾರು: ಮೊದಲು ಉತ್ತರಪತ್ರಿಕೆ ನೋಡಲಿ

ಶಿವಮೊಗ್ಗದ ಒಂದೇ ಬಡಾವಣೆಯ ಅಕ್ಕಪಕ್ಕದ ಮನೆಗಳಲ್ಲಿ ನಾಲ್ವರು ವಿದ್ಯಾರ್ಥಿಗಳಿದ್ದಾರೆ ಎಂದುಕೊಳ್ಳೋಣ. ಒಬ್ಬಳು ಸಹ್ಯಾದ್ರಿ ವಿಜ್ಞಾನ ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಾಳೆ. ಇನ್ನೊಬ್ಬ ವಿಟಿಯು ಅಧೀನದ ಕಾಲೇಜಿನಲ್ಲಿ ಎಂಜಿನಿಯರಿಂಗ್, ಮತ್ತೊಬ್ಬಳು ಸಿಮ್ಸ್‌ನಲ್ಲಿ ಎಂಬಿಬಿಎಸ್, ನಾಲ್ಕನೆಯವನು ನವುಲೆಯ ಕೃಷಿ ಕಾಲೇಜಿನವನು. ನಾಲ್ವರಿಗೂ ಒಂದೊಂದು ವಿಷಯದಲ್ಲಿ ನಿರೀಕ್ಷೆಗಿಂತ ತೀರಾ ಕಡಿಮೆ ಅಂಕ ಬಂದಿದೆ. ತಕರಾರು ಒಂದೇ ಬಗೆಯದು. ಹೋಗಬೇಕಾದ ಬಾಗಿಲು ಮಾತ್ರ ಬೇರೆ ಬೇರೆ. ಮೊದಲನೆಯವಳ ಅರ್ಜಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ, ಎರಡನೆಯವನದು ಬೆಳಗಾವಿಗೆ, ಮೂರನೆಯವಳದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ, ನಾಲ್ಕನೆಯವನದು ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ವಿಶ್ವವಿದ್ಯಾಲಯಕ್ಕೆ. ಶುಲ್ಕ, ಕೊನೆಯ ದಿನಾಂಕ, ಮರುಮೌಲ್ಯಮಾಪನ ಉಂಟೋ ಇಲ್ಲವೋ ಎಂಬುದು ಎಲ್ಲ ಕಡೆಯೂ ಬೇರೆ. ಒಬ್ಬರಿಗೆ ಸಿಕ್ಕ ಸಲಹೆಯನ್ನು ಇನ್ನೊಬ್ಬರು ನಂಬಿ ಕೂತರೆ ಕೆಡುವುದು ಇಲ್ಲಿಂದಲೇ.

ಈ ಲೇಖನದಲ್ಲಿ ನಾನು ಹೆಚ್ಚಾಗಿ ಕುವೆಂಪು ವಿಶ್ವವಿದ್ಯಾಲಯದ ಪದವಿ ವಿದ್ಯಾರ್ಥಿಯನ್ನು ಎದುರಿಗಿಟ್ಟುಕೊಂಡು ಬರೆಯುತ್ತೇನೆ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜುಗಳು, ಭದ್ರಾವತಿಯ ಸರ್ ಎಂ. ವಿಶ್ವೇಶ್ವರಯ್ಯ ಸರ್ಕಾರಿ ಕಾಲೇಜುಗಳು, ಎರಡೂ ಊರಿನ ಹತ್ತಾರು ಖಾಸಗಿ ಪದವಿ ಕಾಲೇಜುಗಳು ಅದರ ಅಡಿಯಲ್ಲೇ ಇವೆ. 1940ರಲ್ಲಿ ಶುರುವಾದ ಸಹ್ಯಾದ್ರಿ ಕಾಲೇಜಿನ ವಿದ್ಯಾರ್ಥಿಗಳಿಗೆ ದಶಕಗಳ ಕಾಲ ಅಂಕಪಟ್ಟಿ ಬರುತ್ತಿದ್ದುದು ಮೈಸೂರು ವಿಶ್ವವಿದ್ಯಾಲಯದಿಂದ. ಅಂಕದ ಬಗ್ಗೆ ಏನಾದರೂ ಕೇಳಬೇಕೆಂದರೆ ಮೈಸೂರಿಗೇ ಬರೆಯಬೇಕು, ಇಲ್ಲವೇ ಹೋಗಬೇಕು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಹುಟ್ಟಿ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಅದರ ಆವರಣ ಜ್ಞಾನಸಹ್ಯಾದ್ರಿ ಎದ್ದು ನಿಂತ ಮೇಲೆ ಪರೀಕ್ಷಾ ವಿಭಾಗ ಶಿವಮೊಗ್ಗದಿಂದ 28 ಕಿಲೋಮೀಟರ್ ದೂರಕ್ಕೆ, ಭದ್ರಾವತಿಗೆ ಇನ್ನೂ ಹತ್ತಿರಕ್ಕೆ ಬಂತು. ಈಗ ಫಲಿತಾಂಶ, ಅರ್ಜಿ, ಶುಲ್ಕ ಎಲ್ಲ ರಾಜ್ಯ ಸರ್ಕಾರದ ಯುಯುಸಿಎಂಎಸ್ ಜಾಲದ ಮೂಲಕ ಮೊಬೈಲಿಗೇ ಬರುತ್ತದೆ. ದೂರ ಕಡಿಮೆಯಾಯಿತು. ಅಂಕ ಹೇಗೆ ಬಂತು ಎಂಬುದನ್ನು ತಿಳಿಯುವ ದಾರಿ ಅಷ್ಟೇನೂ ಸುಲಭವಾಗಲಿಲ್ಲ.

ಒಂದೆರಡು ಅಂಕಕ್ಕೆ ಇಷ್ಟೆಲ್ಲ ಏಕೆ ಎಂದು ಹಿರಿಯರು ಕೇಳುವುದುಂಟು. ಸಾಮಾನ್ಯ ವರ್ಗದ ಅಭ್ಯರ್ಥಿ ಬಿ.ಇಡಿ. ಸೇರಬೇಕಾದರೆ ಪದವಿಯಲ್ಲಿ ಶೇ. 50 ಇರಬೇಕು. ಅಧ್ಯಾಪಕರಾಗಲು ಬರೆಯುವ ಎನ್‌ಇಟಿಗೆ ಸ್ನಾತಕೋತ್ತರದಲ್ಲಿ ಶೇ. 55 ಇರಬೇಕು. ಗ್ರೇಡ್ ಪದ್ಧತಿ ಬಂದ ಮೇಲಂತೂ ಗಡಿಯಲ್ಲಿ ನಿಂತ ಒಂದೇ ಅಂಕ ಗ್ರೇಡಿನ ಅಕ್ಷರವನ್ನು ಬದಲಿಸುತ್ತದೆ, ಆ ಅಕ್ಷರ ಕ್ರೆಡಿಟ್‌ಗಳಿಂದ ಗುಣಿಸಿಕೊಂಡು ಎಸ್‌ಜಿಪಿಎಯನ್ನೂ ಸಿಜಿಪಿಎಯನ್ನೂ ಎಳೆಯುತ್ತದೆ. ಮೈಸೂರು ಕಾಗದ ಕಾರ್ಖಾನೆ ನಿಂತುಹೋಗಿ, ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ ಮುಚ್ಚುವ ನಿರ್ಧಾರವನ್ನು 2023ರಲ್ಲಿ ಕೇಳಿಸಿಕೊಂಡ ಭದ್ರಾವತಿಯಲ್ಲಿ ಅಪ್ಪನ ಕೆಲಸವನ್ನು ಮಗ ನೆಚ್ಚಿಕೊಳ್ಳುವ ಕಾಲ ಹೋಗಿದೆ. ಅಲ್ಲಿ ಪದವಿಯ ಅಂಕಪಟ್ಟಿ ಬರೀ ಕಾಗದವಲ್ಲ.

ಉತ್ತರಪತ್ರಿಕೆ ಪರೀಕ್ಷಾ ಕೊಠಡಿಯಿಂದ ಹೊರಟು ಅಂಕವಾಗಿ ಮರಳುವವರೆಗೆ ಎಷ್ಟು ಕೈ ದಾಟುತ್ತದೆ ಎಂಬುದನ್ನು ತಿಳಿದರೆ ತಪ್ಪು ಎಲ್ಲಿ ಆಗಬಹುದು ಎಂಬುದೂ ತಿಳಿಯುತ್ತದೆ. ನೋಂದಣಿ ಸಂಖ್ಯೆಯನ್ನು ಮರೆಮಾಡಿ ಕೋಡ್ ಸಂಖ್ಯೆ ಕೊಡುತ್ತಾರೆ. ಬಂಡಲ್ ಕಟ್ಟಿ ಮೌಲ್ಯಮಾಪನ ಕೇಂದ್ರಕ್ಕೆ ಕಳಿಸುತ್ತಾರೆ. ಪರೀಕ್ಷಾ ಮಂಡಳಿ ಕೊಟ್ಟ ಸ್ಕೀಮ್, ಅಂದರೆ ಯಾವ ಉತ್ತರಕ್ಕೆ ಎಷ್ಟು ಅಂಕ ಎಂಬ ಸೂಚಿ ಹಿಡಿದು ಅಧ್ಯಾಪಕರು ಅಂಕ ಹಾಕುತ್ತಾರೆ. ಒಳಪುಟದ ಅಂಕವನ್ನು ಮುಖಪುಟದ ಕೋಷ್ಟಕಕ್ಕೆ ಇಳಿಸಿ ಕೂಡುತ್ತಾರೆ. ಒಟ್ಟು ಅಂಕ ಕಂಪ್ಯೂಟರಿಗೆ ಹೋಗುತ್ತದೆ. ಕೋಡ್ ಬಿಚ್ಚಿ ಹೆಸರಿಗೆ ಜೋಡಿಸುತ್ತಾರೆ. ಕಾಲೇಜು ಕಳಿಸಿದ ಆಂತರಿಕ ಅಂಕ ಅದಕ್ಕೆ ಸೇರುತ್ತದೆ. ಪ್ರತಿ ಹಂತದಲ್ಲೂ ಅದರದೇ ತಪ್ಪು ಕಾದಿರುತ್ತದೆ. ಪುಟ ತಿರುಗಿಸುವಾಗ ಎರಡು ಹಾಳೆ ಒಟ್ಟಿಗೆ ಮಗುಚಿಕೊಂಡು ಒಂದು ಉತ್ತರ ನೋಡದೇ ಉಳಿಯಬಹುದು. ಕೂಡುವಾಗ 8 ಬಿಟ್ಟುಹೋಗಬಹುದು. 57 ಅನ್ನುವುದು 37 ಎಂದು ದಾಖಲಾಗಬಹುದು. ಪರೀಕ್ಷೆ ಬರೆದವರ ಮುಂದೆ ಗೈರು ಎಂದು ಬೀಳಬಹುದು. ಇವು ಯಾರ ಅಭಿಪ್ರಾಯಕ್ಕೂ ಸಂಬಂಧಿಸಿದ್ದಲ್ಲ. ಕಣ್ಣಿಗೆ ಕಾಣುವ ತಪ್ಪುಗಳು. ಇವನ್ನು ತಿದ್ದಲು ಯಾವ ವಿಶ್ವವಿದ್ಯಾಲಯವೂ ತತ್ವದ ಮಟ್ಟದಲ್ಲಿ ಒಲ್ಲೆ ಎನ್ನುವುದಿಲ್ಲ.

ಇನ್ನೊಂದು ಜಾತಿಯ ತಕರಾರಿದೆ. ಉತ್ತರ ನೋಡಿದ್ದಾರೆ, ಹತ್ತಕ್ಕೆ ನಾಲ್ಕು ಕೊಟ್ಟಿದ್ದಾರೆ, ಏಳು ಬರಬೇಕಿತ್ತು ಎಂದು ವಿದ್ಯಾರ್ಥಿ ಹೇಳುತ್ತಾನೆ. ಇದು ತೀರ್ಮಾನದ ತಕರಾರು. ಮೊದಲ ಜಾತಿಯದಕ್ಕೆ ಮರುಎಣಿಕೆ ಸಾಕು. ಎರಡನೆಯದಕ್ಕೆ ಮರುಮೌಲ್ಯಮಾಪನ ಬೇಕು, ಅಂದರೆ ಬೇರೊಬ್ಬ ಪರೀಕ್ಷಕರು ಪತ್ರಿಕೆಯನ್ನು ಪೂರ್ತಿ ಮತ್ತೆ ತಿದ್ದಬೇಕು. ಶುಲ್ಕವೂ ಬೇರೆ, ಫಲವೂ ಬೇರೆ. ಆದರೆ ತನ್ನದು ಯಾವ ಜಾತಿಯ ತಕರಾರು ಎಂದು ಉತ್ತರಪತ್ರಿಕೆಯನ್ನೇ ನೋಡದ ವಿದ್ಯಾರ್ಥಿಗೆ ತಿಳಿಯುವುದಾದರೂ ಹೇಗೆ? "ರಿವ್ಯಾಲ್ಯುಯೇಷನ್‌ಗೆ ಹಾಕು, ಬಂದ್ರೆ ಬರ್ಲಿ" ಎಂದು ಗೆಳೆಯರು ಹೇಳುತ್ತಾರೆ. ಮೂರು ವಿಷಯಕ್ಕೆ ಹಾಕುತ್ತಾನೆ. ದುಡ್ಡು ಹೋಗುತ್ತದೆ, ತಿಂಗಳುಗಳು ಹೋಗುತ್ತವೆ, 'ಬದಲಾವಣೆ ಇಲ್ಲ' ಎಂಬ ಎರಡೇ ಪದ ಬರುತ್ತದೆ. ನೋಡದೆ ಹಾಕಿದ ಅರ್ಜಿ ಲಾಟರಿಗಿಂತ ಹೆಚ್ಚಿನದಲ್ಲ. ಈ ಇಡೀ ವಿಷಯದಲ್ಲಿ ನನ್ನ ಒಂದೇ ಒತ್ತಾಯ ಇದು: ಮೊದಲು ನೋಡಬೇಕು, ಆಮೇಲೆ ಕೇಳಬೇಕು. ವಿಶ್ವವಿದ್ಯಾಲಯಗಳೂ ತಮ್ಮ ನಿಯಮವನ್ನು ಇದೇ ಕ್ರಮದಲ್ಲಿ ಬರೆಯಬೇಕು.

ನೋಡುವ ಹಕ್ಕು ಬಹಳ ಹಳೆಯದೇನೂ ಅಲ್ಲ. ಮಹಾರಾಷ್ಟ್ರದ ಪ್ರೌಢ ಶಿಕ್ಷಣ ಮಂಡಳಿ ಮತ್ತು ಪರಿತೋಷ್ ಭೂಪೇಶ್‌ಕುಮಾರ್ ಶೇಠ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1984ರಲ್ಲಿ ಮಂಡಳಿಯ ಪರ ತೀರ್ಪು ಕೊಟ್ಟಿತು. ನಿಯಮ ಅವಕಾಶ ಕೊಡದಿದ್ದರೆ ಉತ್ತರಪತ್ರಿಕೆ ನೋಡುವ, ಮರುಮೌಲ್ಯಮಾಪನ ಕೇಳುವ ಹಕ್ಕು ವಿದ್ಯಾರ್ಥಿಗೆ ಇಲ್ಲ ಎಂಬುದು ಅದರ ಸಾರ. ಎರಡೂವರೆ ದಶಕಕ್ಕೂ ಹೆಚ್ಚು ಕಾಲ ದೇಶದ ಪರೀಕ್ಷಾ ವಿಭಾಗಗಳು ಈ ತೀರ್ಪಿನ ಹಿಂದೆ ನಿಂತವು. 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. 2011ರ ಆಗಸ್ಟ್ 9ರಂದು ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಚಿತ್ರವನ್ನು ಬದಲಿಸಿತು. ತಿದ್ದಿದ ಉತ್ತರಪತ್ರಿಕೆ 'ಮಾಹಿತಿ'ಯೇ. ಅದನ್ನು ಬರೆದವನಿಗೆ ನೋಡುವ, ಪ್ರತಿ ಪಡೆಯುವ ಹಕ್ಕಿದೆ ಎಂದಿತು. ತಿದ್ದಿದವರ ಹೆಸರು, ಸಹಿ ಮಾತ್ರ ಮರೆಯಾಗಿರಬೇಕು, ಅದು ಅವರ ಸುರಕ್ಷತೆಯ ಪ್ರಶ್ನೆ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ಅದನ್ನು ವಿದ್ಯಾರ್ಥಿಗಳು ಮರೆಯುತ್ತಾರೆ: ಸಂಸ್ಥೆ ತನ್ನ ನಿಯಮದಂತೆ ಉತ್ತರಪತ್ರಿಕೆಗಳನ್ನು ಇಟ್ಟುಕೊಳ್ಳುವ ಅವಧಿಯವರೆಗೆ ಮಾತ್ರ ಈ ಹಕ್ಕು. ಅವಧಿ ಮುಗಿದು ಪತ್ರಿಕೆಗಳು ರದ್ದಿಗೆ ಹೋದ ಮೇಲೆ ಕೇಳಿದರೆ ಯಾವ ಕಾನೂನೂ ತಂದುಕೊಡಲಾರದು.

ಪ್ರತಿ ಪಡೆಯಲು ಹಾಗಾಗಿ ಎರಡು ದಾರಿ ಇವೆ. ವಿಶ್ವವಿದ್ಯಾಲಯದ ಅಧಿಸೂಚನೆಯಂತೆ ಅದರ ಶುಲ್ಕ ಕಟ್ಟಿ ಛಾಯಾಪ್ರತಿ ಪಡೆಯುವುದು ಒಂದು. ಮಾಹಿತಿ ಹಕ್ಕಿನಡಿ ಕೇಳುವುದು ಇನ್ನೊಂದು. ಎರಡನೆಯದರ ಖರ್ಚು ಬಹಳ ಕಡಿಮೆ. ನಮ್ಮ ರಾಜ್ಯದಲ್ಲಿ ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ. 40 ಪುಟದ ಉತ್ತರಪತ್ರಿಕೆ ಎಂದಿಟ್ಟುಕೊಂಡರೂ 90 ರೂಪಾಯಿಗೆ ಕೆಲಸ ಮುಗಿಯುತ್ತದೆ. ಕಂಪನಿ ಸೆಕ್ರೆಟರಿಗಳ ಸಂಸ್ಥೆ ಮತ್ತು ಪರಸ್ ಜೈನ್ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಮಾಹಿತಿ ಹಕ್ಕಿನಡಿ ಕೇಳಿದವರಿಂದ ಆ ಕಾಯ್ದೆಯ ದರವನ್ನಷ್ಟೇ ಪಡೆಯಬೇಕು, ಸಂಸ್ಥೆಯ ಸ್ವಂತ ನಿಯಮದಡಿ ಕೇಳಿದವರು ಸಂಸ್ಥೆಯ ಶುಲ್ಕ ಕಟ್ಟಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಅದೂ 150 ಪದಗಳೊಳಗೆ. ಉತ್ತರ ಕೊಡಲು 30 ದಿನ. ಕೊಡದಿದ್ದರೆ ಇನ್ನೊಂದು 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗ.

ಕಷ್ಟ ಇರುವುದು ಆ 30 ದಿನದಲ್ಲೇ. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಕೊನೆಯ ದಿನಾಂಕ ಸಾಮಾನ್ಯವಾಗಿ ಅದಕ್ಕಿಂತ ಮೊದಲೇ ಮುಗಿದುಹೋಗುತ್ತದೆ. ಅಗ್ಗದ ದಾರಿಯಲ್ಲಿ ಹೋದವರಿಗೆ ಪತ್ರಿಕೆ ಕೈಗೆ ಸಿಗುವ ಹೊತ್ತಿಗೆ ಬಾಗಿಲು ಹಾಕಿರುತ್ತದೆ. ಆದ್ದರಿಂದ ಮರುಮೌಲ್ಯಮಾಪನ ಬೇಕಾದೀತು ಎಂಬ ಅನುಮಾನ ಇದ್ದವರು ದುಡ್ಡು ಹೆಚ್ಚಾದರೂ ಅಧಿಸೂಚನೆಯ ದಾರಿಯನ್ನೇ ಹಿಡಿಯುವುದು ಕ್ಷೇಮ. ಕೂಡುವಿಕೆಯ ತಪ್ಪು, ತಿದ್ದದೇ ಬಿಟ್ಟ ಉತ್ತರ ಇದ್ದೀತು ಎನ್ನುವವರಿಗೆ, ಅಥವಾ ಅವಧಿ ಮೀರಿದ ಮೇಲೆ ಎಚ್ಚೆತ್ತವರಿಗೆ ಮಾಹಿತಿ ಹಕ್ಕು ಆಸರೆ.

ಪ್ರತಿ ಕೈಗೆ ಬಂದ ಮೇಲೆ ಸಿಟ್ಟಿನಿಂದ ಓದಬಾರದು. ಮೊದಲು ಅದು ನಿಮ್ಮದೇ ಅಕ್ಷರವೇ ನೋಡಿ. ಕೋಡಿಂಗ್ ತಪ್ಪಿದ್ದರೆ ಇಲ್ಲೇ ತಿಳಿಯುತ್ತದೆ. ಪುಟಗಳೆಲ್ಲ ಇವೆಯೇ, ಹೆಚ್ಚುವರಿ ಹಾಳೆ ಕಟ್ಟಿದ್ದರೆ ಅದೂ ಇದೆಯೇ ಎಂದು ಎಣಿಸಿ. ಪ್ರತಿ ಉತ್ತರದ ಅಂಚಿನಲ್ಲಿ ಅಂಕ ಬಿದ್ದಿದೆಯೇ, ಆ ಅಂಕ ಮುಖಪುಟಕ್ಕೆ ಸರಿಯಾಗಿ ಇಳಿದಿದೆಯೇ, ಮುಖಪುಟದ ಮೊತ್ತವೂ ಅಂಕಪಟ್ಟಿಯ ಸಂಖ್ಯೆಯೂ ಒಂದೇ ಆಗಿವೆಯೇ ಎಂದು ಹೋಲಿಸಿ. ಆರು ಪ್ರಶ್ನೆಯಲ್ಲಿ ನಾಲ್ಕಕ್ಕೆ ಉತ್ತರಿಸಿ ಎಂದಿರುವಲ್ಲಿ ಐದು ಬರೆದಿದ್ದರೆ ಯಾವ ನಾಲ್ಕನ್ನು ಲೆಕ್ಕಕ್ಕೆ ಹಿಡಿದಿದ್ದಾರೆ ಎಂದು ಗಮನಿಸಿ. ಇಷ್ಟಾದ ಮೇಲೆ ಆ ವಿಷಯ ಪಾಠ ಮಾಡಿದ ಅಧ್ಯಾಪಕರ ಹತ್ತಿರ ಹೋಗಿ, "ಸರ್, ನೀವೇ ತಿದ್ದಿದ್ದರೆ ಎಷ್ಟು ಕೊಡುತ್ತಿದ್ದಿರಿ?" ಎಂದು ಕೇಳಿ. "ನಾನಾದರೂ ಇಷ್ಟೇ ಕೊಡ್ತಿದ್ದೆ ಕಣಮ್ಮ" ಎಂದು ಅವರು ಪ್ರಾಮಾಣಿಕವಾಗಿ ಹೇಳಿದರೆ ಅದೂ ಒಂದು ತೀರ್ಪು; ಮುಂದಿನ ಶುಲ್ಕ ಉಳಿಯುತ್ತದೆ. ಶಿವಮೊಗ್ಗ, ಭದ್ರಾವತಿಯಂಥ ಊರುಗಳಲ್ಲಿ ಅಧ್ಯಾಪಕರು ಸಂಜೆ ಸಂತೆಯಲ್ಲೂ ಸಿಗುತ್ತಾರೆ. ಈ ಹತ್ತಿರದ ಸಂಬಂಧವನ್ನು ಬಳಸಿಕೊಳ್ಳದೆ ಅರ್ಜಿಯಿಂದಲೇ ಶುರುಮಾಡುವುದು ನಷ್ಟ.

ಮರುಮೌಲ್ಯಮಾಪನದ ಅಧಿಸೂಚನೆಯಲ್ಲಿ ಎಲ್ಲರೂ ಓದುವುದು ಶುಲ್ಕ ಮತ್ತು ದಿನಾಂಕ. ಓದಬೇಕಾದ ಸಾಲು ಬೇರೆ ಇದೆ: ಹೊಸ ಅಂಕ ಕಡಿಮೆ ಬಂದರೆ ಏನಾಗುತ್ತದೆ? ಹೆಚ್ಚಿನದನ್ನೇ ಉಳಿಸಿಕೊಳ್ಳುತ್ತಾರೋ, ಹೊಸದನ್ನೇ ಅಂತಿಮವೆನ್ನುತ್ತಾರೋ, ಸರಾಸರಿ ತೆಗೆಯುತ್ತಾರೋ, ಇಬ್ಬರು ಪರೀಕ್ಷಕರ ನಡುವೆ ಅಂತರ ಮಿತಿ ಮೀರಿದರೆ ಮೂರನೆಯವರಿಗೆ ಕಳಿಸುತ್ತಾರೋ ಎಂಬುದು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ, ಕೆಲವೊಮ್ಮೆ ಕೋರ್ಸಿನಿಂದ ಕೋರ್ಸಿಗೆ ಬದಲಾಗುತ್ತದೆ. ಸ್ನಾತಕೋತ್ತರ ತರಗತಿಗಳಲ್ಲಿ ಮೊದಲೇ ಇಬ್ಬರು ತಿದ್ದುವ ಪದ್ಧತಿ ಇರುವ ಕಡೆ ಮತ್ತೆ ಮರುಮೌಲ್ಯಮಾಪನಕ್ಕೆ ಅವಕಾಶ ಇಲ್ಲದಿರುವುದೂ ಉಂಟು. ಅದರಲ್ಲಿ ಅನ್ಯಾಯವೇನಿಲ್ಲ. ಇಬ್ಬರು ಸ್ವತಂತ್ರವಾಗಿ ತಿದ್ದಿದ ಪತ್ರಿಕೆ ಒಬ್ಬರು ತಿದ್ದಿದ ಪತ್ರಿಕೆಗಿಂತ ಖಂಡಿತ ಹೆಚ್ಚು ನಂಬಿಕೆಗೆ ಅರ್ಹ.

ಒಬ್ಬರೇ ತಿದ್ದಿದ್ದನ್ನು ಏಕೆ ಪೂರ್ತಿ ನಂಬಬಾರದು ಎಂಬುದಕ್ಕೆ ತೊಂಬತ್ತು ವರ್ಷ ಹಿಂದಿನ ಒಂದು ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. ಢಾಕಾ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿದ್ದ, 1929ರಲ್ಲಿ ಭಾರತದ ಶಿಕ್ಷಣದ ಬಗ್ಗೆ ವರದಿ ಕೊಟ್ಟ ಸಮಿತಿಯ ಅಧ್ಯಕ್ಷ ಫಿಲಿಪ್ ಹಾರ್ಟಾಗ್ ಇಂಗ್ಲೆಂಡಿಗೆ ಮರಳಿದ ಮೇಲೆ ಇ. ಸಿ. ರೋಡ್ಸ್ ಜೊತೆ ಸೇರಿ ಪರೀಕ್ಷೆಗಳನ್ನೇ ಪರೀಕ್ಷೆಗೆ ಒಡ್ಡಿದರು. ಇತಿಹಾಸದ 15 ಉತ್ತರಪತ್ರಿಕೆಗಳನ್ನು 14 ಅನುಭವಿ ಪರೀಕ್ಷಕರಿಗೆ ಕೊಟ್ಟರು. ಒಂದು ವರ್ಷದಿಂದ ಒಂದೂವರೆ ವರ್ಷದಷ್ಟು ಕಾಲ ಬಿಟ್ಟು ಅದೇ ಪತ್ರಿಕೆಗಳನ್ನು ಅದೇ ಪರೀಕ್ಷಕರ ಮುಂದೆ ಮತ್ತೆ ಇಟ್ಟರು. ಒಟ್ಟು 210 ತೀರ್ಮಾನಗಳಲ್ಲಿ 92ರಲ್ಲಿ ಪಾಸು, ಫೇಲು, ದರ್ಜೆಯ ವಿಷಯವಾಗಿ ಪರೀಕ್ಷಕರು ತಮ್ಮದೇ ಹಿಂದಿನ ಮಾತನ್ನು ಬದಲಿಸಿದ್ದರು. 1935ರಲ್ಲಿ ಇದು ಪ್ರಕಟವಾದಾಗ ದೊಡ್ಡ ಚರ್ಚೆ ಎದ್ದಿತು. ಆ ಪರೀಕ್ಷಕರು ಸೋಮಾರಿಗಳಲ್ಲ, ಪಕ್ಷಪಾತಿಗಳೂ ಅಲ್ಲ. ಪ್ರಬಂಧ ರೂಪದ ಉತ್ತರಕ್ಕೆ ಸಂಖ್ಯೆ ಹಚ್ಚುವ ಕೆಲಸವೇ ಅಷ್ಟು ಸೂಕ್ಷ್ಮ. ದಿನಕ್ಕೆ ಹತ್ತಾರು ಪತ್ರಿಕೆ ತಿದ್ದುವ ನಮ್ಮ ಅಧ್ಯಾಪಕರ ಮೇಲೆ ಗೂಬೆ ಕೂರಿಸುವ ಮೊದಲು ಇದನ್ನು ನೆನೆಯಬೇಕು. 'ಕೊಟ್ಟ ಅಂಕವೇ ಅಂತಿಮ' ಎಂದು ಪರೀಕ್ಷಾ ವಿಭಾಗ ಹೇಳುವ ಮೊದಲೂ ನೆನೆಯಬೇಕು.

ಕನ್ನಡ ಮಾಧ್ಯಮದಲ್ಲಿ ಬರೆಯುವವರಿಗೆ ಇದರ ಮೇಲೆ ಇನ್ನೊಂದು ಹೊರೆ ಇದೆ. ಪ್ರಶ್ನೆಪತ್ರಿಕೆ ಎರಡು ಭಾಷೆಯಲ್ಲಿ ಇರುವಾಗ ಅನುವಾದ ಕೆಟ್ಟರೆ ಉತ್ತರವೂ ಕೆಡುತ್ತದೆ. 2024ರಲ್ಲಿ ಕೆಪಿಎಸ್‌ಸಿಯ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳ ತಪ್ಪಿನಿಂದ ಇಡೀ ರಾಜ್ಯದಲ್ಲಿ ಗದ್ದಲವಾಗಿ, ಡಿಸೆಂಬರ್‌ನಲ್ಲಿ ಮರುಪರೀಕ್ಷೆ ನಡೆಸಬೇಕಾಯಿತು. ಪದವಿ ಪರೀಕ್ಷೆಯಲ್ಲಿ ಇಂಥದ್ದು ಕಂಡರೆ ಫಲಿತಾಂಶ ಬರುವವರೆಗೆ ಕಾಯಬಾರದು. ಪ್ರಶ್ನೆಯೇ ತಪ್ಪು, ಪಠ್ಯಕ್ರಮದ ಹೊರಗಿನದು, ಅನುವಾದ ಅರ್ಥ ಕೆಡಿಸಿದೆ ಎಂಬ ತಕರಾರನ್ನು ಪರೀಕ್ಷೆಯ ದಿನವೇ ಕಾಲೇಜಿನ ಮುಖ್ಯ ಅಧೀಕ್ಷಕರಿಗೆ ಬರೆದುಕೊಡಬೇಕು. ಮೌಲ್ಯಮಾಪನ ಶುರುವಾಗುವ ಮೊದಲು ಅದು ಪರೀಕ್ಷಾ ಮಂಡಳಿಯ ಮುಂದೆ ಬಂದರೆ ಎಲ್ಲರಿಗೂ ಪರಿಹಾರ ಸಿಗಬಹುದು. ಆಮೇಲೆ ಒಬ್ಬೊಬ್ಬರೇ ಕೇಳಿದರೆ ಸಿಗುವುದು ಕಷ್ಟ.

ಪತ್ರಿಕೆ ನೋಡಿದವರಿಗೂ ಒಂದು ಗೋಡೆ ಅಡ್ಡ ಬರುತ್ತದೆ. ಅಂಕ ಕಾಣುತ್ತದೆ, ಯಾವ ಅಳತೆಯಿಂದ ಆ ಅಂಕ ಬಂತು ಎಂಬುದು ಕಾಣುವುದಿಲ್ಲ. ಪರೀಕ್ಷಕರಿಗೆ ಕೊಟ್ಟ ಸ್ಕೀಮ್, ಮಾದರಿ ಉತ್ತರಗಳನ್ನು ಕೇಳಿದ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ, ಅವು ಪರೀಕ್ಷಕರಿಗೆ ನಂಬಿಕೆಯ ಮೇಲೆ ಕೊಟ್ಟವು, ಮಾಹಿತಿ ಹಕ್ಕಿನಡಿ ಕೊಡಬೇಕಾಗಿಲ್ಲ ಎಂದಿತು. ಕೊಡಬೇಕಾಗಿಲ್ಲ ಎಂದಿತೇ ಹೊರತು ಕೊಡಬಾರದು ಎನ್ನಲಿಲ್ಲ. ನಮ್ಮ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮಾದರಿ ಉತ್ತರಗಳನ್ನು ತಾನಾಗಿಯೇ ಪ್ರಕಟಿಸುತ್ತದೆ, ಆಕ್ಷೇಪಣೆಯನ್ನೂ ಕರೆಯುತ್ತದೆ. ಸಿಇಟಿಯಲ್ಲೂ ಕೀ ಉತ್ತರ ಬಂದು ತಕರಾರಿಗೆ ದಿನ ಕೊಡುತ್ತಾರೆ. ಹದಿನಾರು ವರ್ಷದ ಮಕ್ಕಳಿಗೆ ತೋರಿಸಬಹುದಾದದ್ದನ್ನು ಇಪ್ಪತ್ತು ದಾಟಿದವರಿಂದ ಮುಚ್ಚಿಡಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಸ್ಕೀಮ್ ಪ್ರಕಟಿಸಿದರೆ ಅರ್ಧದಷ್ಟು ಅರ್ಜಿದಾರರು ತಾವೇ ಹೋಲಿಸಿ ಸುಮ್ಮನಾದಾರು, ಉಳಿದವರ ಅರ್ಜಿಗೆ ತೂಕ ಬಂದೀತು.

ಕಂಪ್ಯೂಟರ್ ಪರದೆಯ ಮೇಲೆ ತಿದ್ದುವ ಡಿಜಿಟಲ್ ಮೌಲ್ಯಮಾಪನದಿಂದ ಕೂಡುವ ತಪ್ಪು, ಪುಟ ಬಿಟ್ಟುಹೋಗುವ ತಪ್ಪು ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಅವಸರದಿಂದ ಜಾರಿ ಮಾಡಿದರೆ ಏನಾಗುತ್ತದೆ ಎಂಬುದನ್ನು ಮುಂಬೈ ವಿಶ್ವವಿದ್ಯಾಲಯ 2017ರಲ್ಲಿ ತೋರಿಸಿತು. ಫಲಿತಾಂಶ ತಿಂಗಳುಗಟ್ಟಲೆ ತಡವಾಗಿ, ಉತ್ತರಪತ್ರಿಕೆಗಳು ಅದಲುಬದಲಾಗಿ, ಆ ಅಕ್ಟೋಬರ್‌ನಲ್ಲಿ ಕುಲಪತಿಯನ್ನೇ ರಾಜ್ಯಪಾಲರು ವಜಾ ಮಾಡಿದರು.

ಇನ್ನು ಆಂತರಿಕ ಅಂಕದ ವಿಷಯ. ನನ್ನ ಮಟ್ಟಿಗೆ ಅತಿ ದೊಡ್ಡ ಬಿರುಕು ಇರುವುದು ಇಲ್ಲಿ. ಕರ್ನಾಟಕದಲ್ಲಿ 2021-22ರಿಂದ ಬಂದ ಎನ್‌ಇಪಿ ಪದವಿಯಲ್ಲಿ 100ಕ್ಕೆ 40 ಅಂಕ ಆಂತರಿಕವಾಗಿತ್ತು. 2024-25ರಿಂದ ರಾಜ್ಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂದ ಮೇಲೆ ಅದು 20ಕ್ಕೆ ಇಳಿಯಿತು. ವಿಟಿಯುವಿನ ಈಚಿನ ಪಠ್ಯಕ್ರಮಗಳಲ್ಲಿ ಅರ್ಧಕ್ಕರ್ಧ, ಅಂದರೆ 50 ಅಂಕ ಕಾಲೇಜಿನ ಕೈಯಲ್ಲೇ ಇದೆ. ಅದರಲ್ಲಿ 20 ಬಾರದವರು ಸೆಮಿಸ್ಟರ್ ಪರೀಕ್ಷೆಗೇ ಅರ್ಹರಲ್ಲ. ಈ ಅಂಕಕ್ಕೆ ಕೋಡ್ ಸಂಖ್ಯೆ ಇಲ್ಲ, ಹೊರಗಿನ ಪರೀಕ್ಷಕರಿಲ್ಲ, ಮರುಮೌಲ್ಯಮಾಪನದ ಅಧಿಸೂಚನೆಯಲ್ಲಿ ಜಾಗವೂ ಇಲ್ಲ. ಕೊಟ್ಟವರು ನಾಳೆ ಬೆಳಗ್ಗೆ ಪಾಠ ಮಾಡಲು ಬರುವವರೇ. ಅವರ ಹತ್ತಿರ ಹೋಗಿ ಕೇಳುವುದಕ್ಕೆ ಹತ್ತೊಂಬತ್ತು ವರ್ಷದ ಹುಡುಗಿಗೆ ಬೇಕಾದ ಧೈರ್ಯ ಎಷ್ಟು ಎಂಬುದನ್ನು ನಿಯಮ ಬರೆಯುವವರು ಯೋಚಿಸಿದಂತೆ ಕಾಣುವುದಿಲ್ಲ. 'ಪ್ರಾಕ್ಟಿಕಲ್ ಅವರ ಕೈಯಲ್ಲೇ ಇದೆ, ಸುಮ್ಮನಿರು' ಎಂದು ಮನೆಯವರೇ ಹೇಳುತ್ತಾರೆ.

ಹಾಗಾಗಿ ಆಂತರಿಕ ಅಂಕದ ತಕರಾರನ್ನು ಅದು ಜಾಲಕ್ಕೆ ಏರುವ ಮೊದಲೇ ಮುಗಿಸಿಕೊಳ್ಳಬೇಕು. ಕಿರುಪರೀಕ್ಷೆಯ ಉತ್ತರಪತ್ರಿಕೆಯನ್ನು ಮರಳಿ ಕೇಳಿ ನೋಡುವುದು, ಅಸೈನ್‌ಮೆಂಟ್ ಕೊಟ್ಟ ದಿನ ಅದರ ಪ್ರತಿಯೊಂದನ್ನು ಇಟ್ಟುಕೊಳ್ಳುವುದು, ಹಾಜರಾತಿ ಲೆಕ್ಕವನ್ನು ತಿಂಗಳಿಗೊಮ್ಮೆ ನೋಡುವುದು ವಿದ್ಯಾರ್ಥಿಯ ಕೆಲಸ. ಅಂತಿಮ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕಿ, ಪ್ರತಿ ವಿದ್ಯಾರ್ಥಿಯ ಸಹಿ ಪಡೆದು, ಆಕ್ಷೇಪಣೆಗೆ ಕೆಲವು ದಿನ ಬಿಟ್ಟು, ಆಮೇಲೆ ಯುಯುಸಿಎಂಎಸ್‌ಗೆ ಏರಿಸುವುದು ಕಾಲೇಜಿನ ಕೆಲಸ. ಎಷ್ಟೋ ಅಧ್ಯಾಪಕರು ಇದನ್ನು ನಿಷ್ಠೆಯಿಂದ ಮಾಡುತ್ತಾರೆ. ಒಳ್ಳೆಯವರ ಅಭ್ಯಾಸವಾಗಿ ಇರುವುದು ಎಲ್ಲರ ನಿಯಮವಾಗಬೇಕು. ಏರಿಸಿದ ಮೇಲೆ ತಪ್ಪು ತಿಳಿದರೆ ಪ್ರಾಂಶುಪಾಲರ ಪತ್ರ, ಆಂತರಿಕ ಅಂಕದ ವಹಿಯ ದೃಢೀಕೃತ ಪ್ರತಿ ಇವುಗಳೊಂದಿಗೆ ಶಂಕರಘಟ್ಟದ ಪರೀಕ್ಷಾಂಗ ಕುಲಸಚಿವರಿಗೆ ಬರೆಯಬೇಕಾಗುತ್ತದೆ.

ಕಾಲೇಜು, ಪರೀಕ್ಷಾ ವಿಭಾಗ ಎರಡೂ ಕಿವಿಗೊಡದಿದ್ದರೆ ಮುಂದೇನು? ಯುಜಿಸಿ 2023ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣಾ ನಿಯಮಾವಳಿಯನ್ನು ಹೊಸದಾಗಿ ಹೊರಡಿಸಿತು. ಅದರಂತೆ ಪ್ರತಿ ಸಂಸ್ಥೆಯಲ್ಲಿ ಪ್ರಾಧ್ಯಾಪಕರೊಬ್ಬರ ಅಧ್ಯಕ್ಷತೆಯಲ್ಲಿ, ನಾಲ್ವರು ಹಿರಿಯ ಅಧ್ಯಾಪಕರ, ವಿಶೇಷ ಆಹ್ವಾನಿತರಾಗಿ ವಿದ್ಯಾರ್ಥಿ ಪ್ರತಿನಿಧಿಯೊಬ್ಬರ ಸಮಿತಿ ಇರಬೇಕು. ಅಧ್ಯಕ್ಷ, ಸದಸ್ಯರಲ್ಲಿ ಕನಿಷ್ಠ ಒಬ್ಬರು ಮಹಿಳೆ, ಒಬ್ಬರು ಪರಿಶಿಷ್ಟ ಅಥವಾ ಹಿಂದುಳಿದ ವರ್ಗದವರು. ದೂರು ಬಂದ 15 ಕೆಲಸದ ದಿನಗಳಲ್ಲಿ ಸಮಿತಿ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ ವಿದ್ಯಾರ್ಥಿ 15 ದಿನದೊಳಗೆ ಓಂಬುಡ್ಸ್‌ಪರ್ಸನ್ ಬಳಿ ಹೋಗಬಹುದು. ನಿವೃತ್ತ ಕುಲಪತಿ, ನಿವೃತ್ತ ಪ್ರಾಧ್ಯಾಪಕ ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರು ಆ ಸ್ಥಾನದಲ್ಲಿರುತ್ತಾರೆ. ಅವರು 30 ದಿನದಲ್ಲಿ ಇತ್ಯರ್ಥಕ್ಕೆ ಯತ್ನಿಸಬೇಕು. ಕಾಗದದ ಮೇಲೆ ಇದು ಒಳ್ಳೆಯ ಏರ್ಪಾಡು. ಆದರೆ 2024ರಲ್ಲಿ ಓಂಬುಡ್ಸ್‌ಪರ್ಸನ್‌ರನ್ನು ನೇಮಿಸದ ವಿಶ್ವವಿದ್ಯಾಲಯಗಳ ಪಟ್ಟಿಯನ್ನೇ ಯುಜಿಸಿ ಪ್ರಕಟಿಸಬೇಕಾಗಿ ಬಂತು ಎಂದರೆ ಜಾರಿಯ ಗತಿ ತಿಳಿಯುತ್ತದೆ.

ಆ ನಿಯಮಾವಳಿಯಲ್ಲಿ ಒಂದು ಷರತ್ತು ಇದೆ. ಬರೀ ಮರುಮೌಲ್ಯಮಾಪನ, ಮರುಎಣಿಕೆ ಕೋರಿದ ಅರ್ಜಿಯನ್ನು ಓಂಬುಡ್ಸ್‌ಪರ್ಸನ್ ಎತ್ತಿಕೊಳ್ಳುವುದಿಲ್ಲ. ಫಲಿತಾಂಶದ ಮೇಲೆ ನಿಜವಾಗಿ ಪರಿಣಾಮ ಬೀರಿದ ಒಂದು ನಿರ್ದಿಷ್ಟ ಅಕ್ರಮವನ್ನೋ, ತಾರತಮ್ಯದ ಒಂದು ನಿರ್ದಿಷ್ಟ ಪ್ರಸಂಗವನ್ನೋ ತೋರಿಸಬೇಕು. ಆದ್ದರಿಂದ ಅರ್ಜಿಯ ಭಾಷೆಯೇ ಮುಖ್ಯ. 'ನಾನು ಚೆನ್ನಾಗಿ ಬರೆದಿದ್ದೆ, ಬಡ ಕುಟುಂಬದವನು, ದಯವಿಟ್ಟು ಪಾಸು ಮಾಡಿ' ಎಂದು ಬರೆದರೆ ಓದಿದವರ ಮನಸ್ಸು ಕರಗಿದರೂ ಕೈ ಕಟ್ಟಿರುತ್ತದೆ. '3(ಬಿ) ಪ್ರಶ್ನೆಯ ಉತ್ತರ 14ನೇ ಪುಟದಲ್ಲಿದೆ, ಅದಕ್ಕೆ ಅಂಕ ನಮೂದಾಗಿಲ್ಲ. ಛಾಯಾಪ್ರತಿ ಲಗತ್ತಿಸಿದೆ' ಎಂದು ಬರೆದ ಎರಡು ಸಾಲನ್ನು ಯಾರೂ ತಳ್ಳಿಹಾಕಲಾರರು. ಪ್ರಾಂಶುಪಾಲರ ಮೂಲಕ ಕಳಿಸಿ, ಸ್ವೀಕೃತಿ ಮುದ್ರೆ ಇರುವ ಒಂದು ಪ್ರತಿಯನ್ನು ಇಟ್ಟುಕೊಂಡು, ದಿನಾಂಕ ಬರೆದಿಟ್ಟರೆ ಮುಂದಿನ ಮೆಟ್ಟಿಲಿಗೆ ಬೇಕಾದ ದಾಖಲೆ ತಾನೇ ಸಿದ್ಧವಾಗುತ್ತದೆ.

ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ ಎನ್ನುವವರಿದ್ದಾರೆ. ಅದು ದಾರಿಯಲ್ಲ. ಬಿಹಾರದ ಶಾಲಾ ಪರೀಕ್ಷಾ ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ, ಪರೀಕ್ಷೆ ನಡೆಸುವುದು ಮಾರಾಟದ ಸೇವೆಯಲ್ಲ, ವಿದ್ಯಾರ್ಥಿ ಗ್ರಾಹಕನೂ ಅಲ್ಲ ಎಂದು ಹೇಳಿಬಿಟ್ಟಿದೆ. ಉಳಿಯುವುದು ಹೈಕೋರ್ಟಿನ ರಿಟ್. ಶಿವಮೊಗ್ಗ ಜಿಲ್ಲೆ ಧಾರವಾಡ ಪೀಠಕ್ಕೆ ಸೇರಿಲ್ಲ, ಬೆಂಗಳೂರಿಗೇ ಹೋಗಬೇಕು. ಅಲ್ಲಿಯೂ ಬಾಗಿಲು ಅಗಲವಾಗಿಲ್ಲ. 2017ರ ಡಿಸೆಂಬರ್‌ನಲ್ಲಿ ರಣ್ ವಿಜಯ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಿಂದಿನ ತೀರ್ಪುಗಳನ್ನೆಲ್ಲ ಒಟ್ಟುಗೂಡಿಸಿ ಹೇಳಿದ್ದು ಇಷ್ಟು: ನಿಯಮ ಅವಕಾಶ ಕೊಟ್ಟರೆ ಮರುಮೌಲ್ಯಮಾಪನ ಆಗಬಹುದು, ಕೊಡದಿದ್ದರೆ, ದೊಡ್ಡ ವಾದವೇ ಬೇಡದಷ್ಟು ಸ್ಪಷ್ಟವಾದ ತಪ್ಪು ಕಂಡಾಗ ಮಾತ್ರ, ಅದೂ ಅಪರೂಪಕ್ಕೆ, ಕೋರ್ಟು ಕೈಹಾಕಬಹುದು, ನ್ಯಾಯಾಧೀಶರು ತಾವೇ ಉತ್ತರ ತಿದ್ದಲು ಕೂರಬಾರದು, ಸಂದೇಹ ಉಳಿದರೆ ಅದರ ಲಾಭ ಪರೀಕ್ಷಾ ಸಂಸ್ಥೆಗೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಿದ್ಯಾರ್ಥಿಗಳ ದೂರಿಗೆಂದೇ ಇರುವ ಸ್ವತಂತ್ರ ಸಂಸ್ಥೆ ಕೂಡ ಕ್ರಮ ತಪ್ಪಿದ್ದನ್ನು ನೋಡುತ್ತದೆ, ಅಧ್ಯಾಪಕರ ವಿದ್ವತ್ತಿನ ತೀರ್ಮಾನವನ್ನು ಮುಟ್ಟುವುದಿಲ್ಲ. ಈ ಸಂಯಮ ನನಗೆ ಸರಿ ಎನಿಸುತ್ತದೆ. ಆದರೆ ಕೋರ್ಟು ಹಿಂದೆ ಸರಿದು ನಿಂತಷ್ಟೂ ವಿಶ್ವವಿದ್ಯಾಲಯದೊಳಗಿನ ಏರ್ಪಾಡು ಗಟ್ಟಿಯಾಗಿರಬೇಕಾಗುತ್ತದೆ, ಏಕೆಂದರೆ ವಿದ್ಯಾರ್ಥಿಗೆ ಇರುವುದು ಅದೊಂದೇ.

ಅದು ಗಟ್ಟಿಯಾಗಿದೆಯೇ ಎಂಬುದಕ್ಕೆ ನಾನು ನೋಡುವುದು ಕ್ಯಾಲೆಂಡರನ್ನು. ಮರುಮೌಲ್ಯಮಾಪನದ ಫಲಿತಾಂಶ ಬರುವ ಮೊದಲೇ ಮುಂದಿನ ಪರೀಕ್ಷೆಗೆ ಶುಲ್ಕ ಕಟ್ಟುವ ದಿನ ಮುಗಿದರೆ, ಪಾಸಾಗಬೇಕಿದ್ದ ಹುಡುಗ ಫೇಲಾದವನಂತೆ ಮತ್ತೆ ದುಡ್ಡು ಕಟ್ಟಿ, ಮತ್ತೆ ಓದಿ, ಮತ್ತೆ ಬರೆಯುತ್ತಾನೆ. ಕೊನೆಯ ಸೆಮಿಸ್ಟರಿನವನಾದರೆ ಬಿ.ಇಡಿ. ಕೌನ್ಸೆಲಿಂಗ್ ಅವನಿಗಾಗಿ ಕಾಯುವುದಿಲ್ಲ. ತಡವಾಗಿ ಸಿಕ್ಕ ಆರು ಅಂಕದಿಂದ ಆ ವರ್ಷ ಮರಳಿ ಬರುವುದಿಲ್ಲ. ಶೈಕ್ಷಣಿಕ ಮಂಡಳಿಯೂ ಸಿಂಡಿಕೇಟೂ ಮನಸ್ಸು ಮಾಡಿದರೆ ಇದಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ. ಫಲಿತಾಂಶದ ಜೊತೆಗೇ ತಿದ್ದಿದ ಪತ್ರಿಕೆಯ ಸ್ಕ್ಯಾನ್ ಪ್ರತಿ ಮತ್ತು ಸ್ಕೀಮ್ ವಿದ್ಯಾರ್ಥಿಯ ಲಾಗಿನ್‌ಗೆ ಬರಲಿ. ನೋಡಲು ಎರಡು ವಾರ ಕೊಡಲಿ. ಅಂಕ ಬದಲಾದರೆ ಕಟ್ಟಿದ ಶುಲ್ಕ ಹಿಂದಿರುಗಲಿ. ತಪ್ಪು ತನ್ನದೆಂದು ತಾನೇ ಒಪ್ಪಿಕೊಂಡ ಮೇಲೆ ಆ ದುಡ್ಡು ವಿಶ್ವವಿದ್ಯಾಲಯದ ಬಳಿ ಉಳಿಯುವುದು ನ್ಯಾಯವಲ್ಲ. ಮುಂದಿನ ಪರೀಕ್ಷೆಯ ಶುಲ್ಕಕ್ಕೆ ಕೊನೆಯ ದಿನಾಂಕ ಮರುಮೌಲ್ಯಮಾಪನದ ಫಲಿತಾಂಶ ಬಂದು ಒಂದು ವಾರವಾದರೂ ಆದ ಮೇಲೆಯೇ ಇರಲಿ.